ದುಪ್ಪಟ್ಟು ಪಣದಿಂದ ಶೂನ್ಯ ಪಣದವರೆಗೆ: ಕ್ರೀಡಾ ಬಾಜಿಯ ಬಂಡವಾಳ ನಿರ್ವಹಣೆಯ ಒಂದು ಪ್ರಕರಣ

ಈ ಅಧ್ಯಯನವು ಒಬ್ಬ ಬಾಜಿದಾರನ ಲೆಕ್ಕಪುಸ್ತಕವನ್ನು ಮೊದಲ ಪುಟದಿಂದ ಹಿಂಬಾಲಿಸುತ್ತದೆ. ಆತ 1000 ಯೂನಿಟ್ ಹಣವನ್ನು ಬಾಜಿಗೆಂದೇ ಬೇರೆ ತೆಗೆದಿರಿಸಿ, ಫುಟ್‌ಬಾಲ್ ಪಂದ್ಯಗಳ ಮೇಲೆ ಮೊದಲು ದುಪ್ಪಟ್ಟು ಪದ್ಧತಿಯಲ್ಲಿ, ಆಮೇಲೆ ಸಮ ಪಣದಲ್ಲಿ, ಕೊನೆಗೆ ಬಂಡವಾಳದ ಎಷ್ಟು ಪಾಲು ಹಾಕಬೇಕೆಂದು ಹೇಳುವ ಕೆಲ್ಲಿ ಸೂತ್ರದ ಆಧಾರದಲ್ಲಿ ಪಣ ಕಟ್ಟಿದ. ವ್ಯಕ್ತಿಯೂ ಅವನ ಗೆಲುವು ಸೋಲಿನ ಅಂಕಿಗಳೂ ಲೆಕ್ಕ ಸ್ಪಷ್ಟವಾಗಿ ಕಾಣಲೆಂದು ರೂಪಿಸಿಕೊಂಡ ಮಾದರಿ. ಆದರೆ ಅವುಗಳಿಂದ ಹೊರಡುವ ಗಣಿತವನ್ನು ಯಾರು ಬೇಕಾದರೂ ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು, ಪರೀಕ್ಷಿಸಬೇಕು ಎಂಬುದು ನನ್ನ ಅಪೇಕ್ಷೆಯೂ ಹೌದು. ಬಾಜಿ ಕಟ್ಟುವುದು ಕಾನೂನಿಗೆ ವಿರುದ್ಧವಾಗಿರುವ ಕಡೆಗಳಲ್ಲಿ ಈ ಲೆಕ್ಕಕ್ಕೆ ಓದಿನ ಮೌಲ್ಯ ಮಾತ್ರ ಇದೆ.

ಪಣ ಪದ್ಧತಿ ಎಂದರೆ ಪ್ರತಿ ಬಾಜಿಗೆ ಎಷ್ಟು ಹಣ ಹಾಕಬೇಕು ಎಂಬುದನ್ನು ಮುಂಚಿತವಾಗಿ ನಿರ್ಧರಿಸುವ ನಿಯಮ. ಯಾವ ತಂಡದ ಮೇಲೆ ಹಾಕಬೇಕು ಎಂಬುದನ್ನು ಅದು ಹೇಳುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳದಿರುವುದೇ ಈ ಪ್ರಕರಣದಲ್ಲಿ ಆದ ಹೆಚ್ಚಿನ ನಷ್ಟಕ್ಕೆ ಕಾರಣ. ಆದ್ದರಿಂದ ಅಧ್ಯಯನದುದ್ದಕ್ಕೂ ನಾನು ಇವೆರಡನ್ನು ಪ್ರತ್ಯೇಕಿಸಿಯೇ ನೋಡುತ್ತೇನೆ.

ಆರಂಭದ ಸ್ಥಿತಿ

ಬಾಜಿದಾರ ಆರಿಸಿಕೊಂಡದ್ದು ಎರಡೇ ಫಲಿತಾಂಶಗಳಿರುವ ಬಾಜಿಗಳನ್ನು: ಹ್ಯಾಂಡಿಕ್ಯಾಪ್ (ದುರ್ಬಲ ತಂಡಕ್ಕೆ ಲೆಕ್ಕದಲ್ಲಿ ಗೋಲುಗಳ ಮುನ್ನಡೆ) ಕೊಟ್ಟು ಎರಡು ತಂಡಗಳನ್ನು ಸಮಗೊಳಿಸಿದ ಬಾಜಿ, ಇಲ್ಲವೇ ಪಂದ್ಯದ ಒಟ್ಟು ಗೋಲುಗಳು ಒಂದು ಗೆರೆಗಿಂತ ಹೆಚ್ಚೋ ಕಡಿಮೆಯೋ ಎಂಬ ಬಾಜಿ. ಎರಡೂ ಬದಿಗೆ ಬುಕ್‌ಮೇಕರ್ (ಬಾಜಿ ಸ್ವೀಕರಿಸುವ ಸಂಸ್ಥೆ) ಕೊಡುತ್ತಿದ್ದ ಆಡ್ಸ್, ಅಂದರೆ ಗೆದ್ದರೆ ಪಣದ ಎಷ್ಟು ಪಟ್ಟು ಕೈಗೆ ಬರುತ್ತದೆ ಎಂಬ ಅಂಕಿ, 1.90. ಅಂದರೆ 10 ಯೂನಿಟ್ ಹಾಕಿ ಗೆದ್ದರೆ ಪಣವೂ ಸೇರಿ 19 ಯೂನಿಟ್ ಕೈಗೆ ಬರುತ್ತದೆ, ಲಾಭ 9. ಸೋತರೆ ಹೋಗುವುದು 10.

ಒಂದನ್ನು 1.90ರಿಂದ ಭಾಗಿಸಿದರೆ 0.5263 ಸಿಗುತ್ತದೆ. ನೂರರಲ್ಲಿ 52.63 ಬಾಜಿ ಗೆದ್ದರೆ ಮಾತ್ರ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಬಹುದು ಎಂದು ಇದರ ಅರ್ಥ. ಎರಡೂ ಬದಿಯ ಅಂಕಿಗಳನ್ನು ಕೂಡಿದರೆ 100ರ ಬದಲು 105.26 ಬರುತ್ತದೆ, ಆ ಹೆಚ್ಚುವರಿ ಪಾಲೇ ಬುಕ್‌ಮೇಕರ್‌ನ ಮಾರ್ಜಿನ್. ವಿಶೇಷ ತಿಳಿವಳಿಕೆ ಇಲ್ಲದೆ ಯಾವುದೋ ಒಂದು ಬದಿಯನ್ನು ಆರಿಸುವವನು ಅರ್ಧದಷ್ಟು ಬಾಜಿ ಗೆಲ್ಲುತ್ತಾನೆ ಎಂದುಕೊಂಡರೆ, ಹಾಕಿದ ಪ್ರತಿ 100 ಯೂನಿಟ್‌ಗೆ ಸರಾಸರಿ 95 ಹಿಂದಿರುಗುತ್ತದೆ, 5 ಹೋಗುತ್ತದೆ. ಈ ಶೇ. 5 ಎಂಬ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭವಾಗುತ್ತದೆ.

ಮೊದಲ ಹಂತ: ಸೋತಾಗ ಏರಿಸುವ ಪಣ

ಬಾಜಿದಾರ ಮೊದಲು ಹಿಡಿದದ್ದು ಮಾರ್ಟಿಂಗೇಲ್ ಎಂದು ಹೆಸರಾದ ಹಳೆಯ ದುಪ್ಪಟ್ಟು ಪದ್ಧತಿ. 10 ಯೂನಿಟ್‌ನಿಂದ ಆರಂಭ. ಸೋತರೆ ಮುಂದಿನ ಪಣ ದುಪ್ಪಟ್ಟು. ಗೆದ್ದ ಕೂಡಲೇ ಮತ್ತೆ 10ಕ್ಕೆ. ಎಂದಾದರೂ ಒಮ್ಮೆ ಗೆಲ್ಲಲೇಬೇಕು, ಗೆದ್ದ ದಿನ ಹಿಂದಿನ ಸೋಲೆಲ್ಲ ಚುಕ್ತಾ ಆಗುತ್ತದೆ ಎಂಬುದು ಅದರ ತರ್ಕ.

ಈ ತರ್ಕ 2.00 ಆಡ್ಸ್‌ಗೆ ಹೊಂದುತ್ತದೆ, 1.90ಕ್ಕೆ ಹೊಂದುವುದಿಲ್ಲ. 10, 20, 40 ಸೋತು ನಾಲ್ಕನೆಯ 80ರಲ್ಲಿ ಗೆದ್ದರೆ ಲಾಭ 72, ಆವರೆಗಿನ ನಷ್ಟ 70. ಉಳಿಯುವುದು 2 ಮಾತ್ರ. ನಾಲ್ಕೂ ಸೋತು ಐದನೆಯ 160ರಲ್ಲಿ ಗೆದ್ದರೆ ಲಾಭ 144, ನಷ್ಟ 150. ಗೆದ್ದ ಮೇಲೂ 6 ಯೂನಿಟ್ ಕಳೆದಿರುತ್ತದೆ. ಬಾಜಿದಾರನಿಗೆ ಇದು ಬೇಗನೆ ಕಂಡಿತು, ಅವನು ನಿಯಮವನ್ನು ತಿದ್ದಿಕೊಂಡ: ಹಿಂದಿನ ಸೋಲೆಲ್ಲ ಮರಳಿ ಅದರ ಮೇಲೆ 9 ಯೂನಿಟ್ ಲಾಭ ಉಳಿಯುವಂತೆ ಪ್ರತಿ ಪಣವನ್ನೂ ಲೆಕ್ಕಹಾಕುವುದು. ಆಗ ಪಣಗಳ ಸಾಲು ಸುಮಾರಾಗಿ 10, 21, 45, 94, 199, 419 ಎಂದಾಗುತ್ತದೆ. ಆರೂ ಸೋತರೆ ಒಟ್ಟು ಹೋಗುವುದು 788 ಯೂನಿಟ್. ಏಳನೆಯದಕ್ಕೆ 885 ಬೇಕು. 1000 ಯೂನಿಟ್ ಬಂಡವಾಳದಲ್ಲಿ ಅದು ಉಳಿದಿರುವುದಿಲ್ಲ. 10ರಿಂದ ಆರಂಭಿಸಿ ಒಂದು ಗೆಲುವಿನವರೆಗಿನ ಪಣಗಳ ಸಾಲನ್ನು ಒಂದು ಸುತ್ತು ಎನ್ನೋಣ. ಹೀಗಾಗಿ ಆರು ಸೋಲಿಗೆ ಸುತ್ತು ಮುರಿದು ಬೀಳುತ್ತದೆ.

ಸಮಬಲದ ಬಾಜಿಯಲ್ಲಿ ಒಂದು ಸುತ್ತು ಹೀಗೆ ಮುರಿಯುವ ಸಂಭವ 64ರಲ್ಲಿ 1. ಉಳಿದ 63 ಸಲವೂ 9 ಯೂನಿಟ್ ಲಾಭ. ಈ ಪದ್ಧತಿಯ ಸೆಳೆತವಿರುವುದು ಇಲ್ಲಿಯೇ, ಮತ್ತು ಈ ಪ್ರಕರಣದಲ್ಲಿ ಸತತವಾಗಿ 44 ಸುತ್ತುಗಳು ಗೆಲುವಿನಲ್ಲಿ ಕೊನೆಗೊಂಡವು. ಬಂಡವಾಳ 1396ಕ್ಕೆ ಏರಿತು. 64ರಲ್ಲಿ 63 ಎಂಬ ಸಂಭವವನ್ನು ಅದರಿಂದಲೇ 44 ಬಾರಿ ಗುಣಿಸಿದರೆ ಸರಿಸುಮಾರು ಅರ್ಧ ಬರುತ್ತದೆ. ಇದರ ಅರ್ಥವನ್ನು ಬಿಡಿಸಿ ಹೇಳಬೇಕು: ಏನೂ ತಿಳಿಯದೆ, ಕಣ್ಣು ಮುಚ್ಚಿ ಬದಿ ಆರಿಸಿ, ಈ ಪದ್ಧತಿಯನ್ನು ಅನುಸರಿಸುವವರಲ್ಲಿ ಅರ್ಧದಷ್ಟು ಜನ ಈ ಹಂತಕ್ಕೆ ಬರುವಾಗ ಸುಮಾರು ಶೇ. 40ರಷ್ಟು ಲಾಭದಲ್ಲಿರುತ್ತಾರೆ ಮತ್ತು ತಮ್ಮ ಪದ್ಧತಿ ಫಲಿಸುತ್ತಿದೆ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಮ್ಮ ಅನುಭವವನ್ನೇ ಇತರರ ಮುಂದೆ ಇಡುತ್ತಿದ್ದಾರೆ. ಹಣ ಕಳೆದುಕೊಂಡ ಉಳಿದರ್ಧ ಜನರ ದನಿ ಅಷ್ಟಾಗಿ ಕೇಳುವುದಿಲ್ಲ.

ನಲವತ್ತೈದನೆಯ ಸುತ್ತಿನಲ್ಲಿ ಆರು ಸೋಲು ಒಟ್ಟಿಗೆ ಬಂದವು. 1396ರಿಂದ 788 ಕಳೆದು ಉಳಿದದ್ದು 608.

ಇದನ್ನು ದುರದೃಷ್ಟ ಎಂದು ಕರೆಯುವುದು ಸರಿಯಲ್ಲ. ಸಮ ಸಂಭವದ 200 ಬಾಜಿಗಳಲ್ಲಿ ಎಲ್ಲಾದರೂ ಒಂದು ಕಡೆ ಸತತ ಆರು ಸೋಲು ಬರುವ ಸಂಭವ ಸುಮಾರು ಶೇ. 80. ಐದು ಸೋತ ಮೇಲೆ ಆರನೆಯದು ಗೆಲ್ಲಲೇಬೇಕು ಎಂಬ ಭಾವನೆ ಬಾಜಿದಾರನಿಗೂ ಬಂದಿತ್ತು. ಆದರೆ ಆರನೆಯ ಪಂದ್ಯಕ್ಕೆ ಹಿಂದಿನ ಐದರ ನೆನಪಿಲ್ಲ. ಅದರ ಸಂಭವ ಅರ್ಧದಷ್ಟೇ ಇತ್ತು.

ಹೆಚ್ಚಿನವರು ಗಮನಿಸದ ಇನ್ನೊಂದು ಲೆಕ್ಕವಿದೆ, ನನಗೆ ಈ ಪ್ರಕರಣದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದೂ ಅದೇ. ಪ್ರತಿ ಸುತ್ತಿನಲ್ಲಿ ಮೊದಲ ಪಣ ಖಚಿತವಾಗಿ ಬೀಳುತ್ತದೆ, ಎರಡನೆಯದು ಅರ್ಧ ಸಲ, ಮೂರನೆಯದು ಕಾಲು ಸಲ, ಹೀಗೆ. ಆಯಾ ಪಣವನ್ನು ಆಯಾ ಸಂಭವದಿಂದ ಗುಣಿಸಿ ಕೂಡಿದರೆ ಒಂದು ಸುತ್ತಿನ ಸರಾಸರಿ ವಹಿವಾಟು 69 ಯೂನಿಟ್ ಆಗುತ್ತದೆ. ಸುತ್ತಿಗೆ ಸರಾಸರಿ ಬಾಜಿಗಳು ಎರಡಕ್ಕಿಂತ ತುಸು ಕಡಿಮೆ. ಅಂದರೆ ತಾನು 10 ಯೂನಿಟ್‌ನ ಬಾಜಿದಾರ ಎಂದು ಭಾವಿಸಿದ್ದವನು ವಾಸ್ತವದಲ್ಲಿ ಬಾಜಿಯೊಂದಕ್ಕೆ ಸರಾಸರಿ 35 ಯೂನಿಟ್ ಹಾಕುತ್ತಿದ್ದ. ಇನ್ನು ಸುತ್ತಿನ ನಿರೀಕ್ಷಿತ ಫಲವನ್ನು ನೇರವಾಗಿ ಲೆಕ್ಕಹಾಕಿ ನೋಡಿ: 63 ಸಲ 9ರಂತೆ ಲಾಭ, ಒಂದು ಸಲ 788 ನಷ್ಟ, ಒಟ್ಟನ್ನು 64ರಿಂದ ಭಾಗಿಸಿದರೆ ಸುತ್ತಿಗೆ ಸುಮಾರು 3.45 ಯೂನಿಟ್ ನಷ್ಟ. ಅದು 69ರ ಶೇ. 5! ಪಣವನ್ನು ಹೇಗೆ ಹಿಗ್ಗಿಸಿದರೂ ಕುಗ್ಗಿಸಿದರೂ, ಒಟ್ಟು ಹಾಕಿದ ಹಣದ ಮೇಲೆ ಬುಕ್‌ಮೇಕರ್‌ನ ಪಾಲು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ದುಪ್ಪಟ್ಟು ಪದ್ಧತಿ ಮಾಡಿದ್ದು ಎರಡೇ ಕೆಲಸ: ವಹಿವಾಟನ್ನು ಮೂರೂವರೆ ಪಟ್ಟು ಮಾಡಿತು, ನಷ್ಟವನ್ನೆಲ್ಲ ಒಂದು ಕಡೆ ಒಟ್ಟುಗೂಡಿಸಿ ಬಹುಕಾಲ ಕಣ್ಣಿಗೆ ಬೀಳದಂತೆ ಇಟ್ಟಿತು. ಪ್ರತಿಕೂಲವಾದ ಆಟವನ್ನು ಪಣದ ಗಾತ್ರ ಬದಲಿಸುವುದರಿಂದ ಅನುಕೂಲವಾಗಿಸಲು ಸಾಧ್ಯವಿಲ್ಲ ಎಂಬ ಮಾತನ್ನು ಇಪ್ಪತ್ತನೆಯ ಶತಮಾನದಲ್ಲಿ ಗಣಿತಜ್ಞ ಜೋಸೆಫ್ ಡೂಬ್ ಪ್ರಮೇಯದ ರೂಪದಲ್ಲೇ ಸ್ಥಾಪಿಸಿದ್ದಾರೆ. ಫಿಬೊನಾಚಿ, ಡಾಲಂಬೇರ್, ಲಬೂಷೇರ್ ಎಂಬ ಹೆಸರುಗಳಲ್ಲಿ ಓಡಾಡುವ, ಸೋತಾಗ ಏರಿಸುವ ಇತರ ಪದ್ಧತಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ಏರಿಕೆಯ ವೇಗ ಬೇರೆ, ಅಷ್ಟೇ.

ಆ 45 ಸುತ್ತುಗಳಲ್ಲಿ ಒಟ್ಟು 90 ಬಾಜಿಗಳಿದ್ದವು: 44 ಗೆಲುವು, 46 ಸೋಲು. ಅದೇ ಬಾಜಿಗಳಿಗೆ ತಲಾ 10 ಯೂನಿಟ್‌ನಂತೆ ಹಾಕಿದ್ದರೆ ಲಾಭ 396, ನಷ್ಟ 460, ಕೊನೆಗೆ ಉಳಿಯುತ್ತಿದ್ದದ್ದು 936. ಅದೂ ನಷ್ಟವೇ. ಆದರೆ 64 ಯೂನಿಟ್‌ನ ನಷ್ಟಕ್ಕೂ 392 ಯೂನಿಟ್‌ನ ನಷ್ಟಕ್ಕೂ ನಡುವಿನ ಅಂತರ ಪೂರ್ತಿಯಾಗಿ ಪಣ ಪದ್ಧತಿಯ ಕೊಡುಗೆ.

ಕ್ರೀಡಾ ಬಾಜಿಗೆ ಸೀಮಿತವಾದ ಒಂದು ಅಪಾಯವನ್ನೂ ಇಲ್ಲಿ ದಾಖಲಿಸಬೇಕು. ನಾಣ್ಯ ಚಿಮ್ಮುವಾಗ ಮುಂದಿನ ಚಿಮ್ಮುವಿಕೆ ಹಿಂದಿನದರಂತೆಯೇ ಇರುತ್ತದೆ. ಪಂದ್ಯಗಳು ಹಾಗಲ್ಲ. ಸೋತ ಹಣವನ್ನು ಮರಳಿಸಲು ಮುಂದಿನ ಬಾಜಿ ಕೂಡಲೇ ಬೇಕು ಎಂದು ಪದ್ಧತಿ ಒತ್ತಾಯಿಸುತ್ತದೆ, ಆದ್ದರಿಂದ 199 ಮತ್ತು 419 ಯೂನಿಟ್‌ನ ಪಣಗಳು ಬಿದ್ದದ್ದು ಬಾಜಿದಾರ ಅಧ್ಯಯನ ಮಾಡಿದ್ದ ಪಂದ್ಯಗಳ ಮೇಲಲ್ಲ, ಆ ರಾತ್ರಿ ಲಭ್ಯವಿದ್ದ ಪಂದ್ಯಗಳ ಮೇಲೆ. ಅತಿ ದೊಡ್ಡ ಪಣ ಅತಿ ಕಡಿಮೆ ವಿವೇಚನೆಯ ಗಳಿಗೆಯಲ್ಲಿ ಬೀಳುವಂತೆ ರೂಪಿಸಿದ ನಿಯಮ ಇದಕ್ಕಿಂತ ಇನ್ನೊಂದಿರಲಾರದು. ಕಳೆದದ್ದನ್ನು ಇವತ್ತೇ ಹಿಂದೆ ಪಡೆಯಬೇಕೆಂಬ ಹಟ ಜೂಜಿನ ಚಟಕ್ಕೆ ಬಿದ್ದವರಲ್ಲಿ ಕಾಣುವ ಮುಖ್ಯ ಲಕ್ಷಣಗಳಲ್ಲೊಂದು. ಅದನ್ನೇ ನಿಯಮವಾಗಿ ಬರೆದಿಟ್ಟುಕೊಂಡವನಿಗೆ ತನ್ನ ಹಟ ಶಿಸ್ತಿನ ಹಾಗೆ ಕಾಣುತ್ತದೆ. ಈ ಲಕ್ಷಣ ತಮ್ಮಲ್ಲಿ ಕಂಡವರು ಪಣದ ಲೆಕ್ಕವನ್ನು ಪಕ್ಕಕ್ಕಿಟ್ಟು ಆಪ್ತಸಮಾಲೋಚಕರೊಡನೆ ಮಾತನಾಡಬೇಕು ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಎರಡನೆಯ ಹಂತ: ಸಮ ಪಣ ಮತ್ತು ದಾಖಲೆ

ಉಳಿದ 608 ಯೂನಿಟ್‌ಗೆ ಬಾಜಿದಾರ ಹೊರಗಿನಿಂದ ಹಣ ಸೇರಿಸಲಿಲ್ಲ. ಈ ನಿರ್ಧಾರ ಸಣ್ಣದಾಗಿ ಕಂಡರೂ ಇಡೀ ಪ್ರಕರಣದಲ್ಲಿ ಅವನನ್ನು ಉಳಿಸಿದ್ದು ಅದೇ. ಬಾಜಿಯ ಹಣ ಮನೆಯ ಹಣದಿಂದ ಬೇರೆಯಾಗಿರಬೇಕು ಎಂಬ ನಿಯಮಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ದೊಡ್ಡ ನಷ್ಟದ ಮರುದಿನ.

ಆತ ಬಂಡವಾಳದ ಸುಮಾರು ಶೇ. 1, ಅಂದರೆ 6 ಯೂನಿಟ್‌ನ ಸ್ಥಿರ ಪಣಕ್ಕೆ ಇಳಿದ, ಮತ್ತು ಪ್ರತಿ ಬಾಜಿಗೂ ದಿನಾಂಕ, ಬಾಜಿಯ ವಿಧ, ತಾನು ಪಡೆದ ಆಡ್ಸ್, ಪಂದ್ಯ ಆರಂಭವಾಗುವ ಕ್ಷಣದಲ್ಲಿ ಎರಡೂ ಬದಿಗಿದ್ದ ಕ್ಲೋಸಿಂಗ್ ಆಡ್ಸ್, ಫಲಿತಾಂಶ ಇವಿಷ್ಟನ್ನು ಬರೆದಿಡತೊಡಗಿದ. ಸಮ ಪಣದ ಹಿರಿಮೆ ಇರುವುದು ಅದು ಹೆಚ್ಚು ಗಳಿಸಿಕೊಡುತ್ತದೆ ಎಂಬುದರಲ್ಲಿ ಅಲ್ಲ. ಪಣ ಒಂದೇ ಆಗಿರುವಾಗ ಫಲಿತಾಂಶಗಳ ಪಟ್ಟಿ ಆಯ್ಕೆಯ ಗುಣವನ್ನು ಮಾತ್ರ ತೋರಿಸುತ್ತದೆ, ಪಣದ ಏರಿಳಿತ ಅದರೊಳಗೆ ಬೆರೆಯುವುದಿಲ್ಲ. ಮತ್ತೊಂದು ಪ್ರಯೋಜನ, ಸಹಿಸಿಕೊಳ್ಳುವ ಶಕ್ತಿ. ನೂರಕ್ಕೆ 47 ಸೋಲುವ ಬಾಜಿದಾರನಿಗೆ 500 ಬಾಜಿಗಳ ಅವಧಿಯಲ್ಲಿ ಸತತ ಏಳೆಂಟು ಸೋಲು ಬರುವುದು ಸಾಮಾನ್ಯ ಸಂಗತಿ. ಶೇ. 1ರ ಪಣದಲ್ಲಿ ಅದು ಬಂಡವಾಳದ ಶೇ. 7 ಅಥವಾ 8ರಷ್ಟನ್ನು ಕಳೆಯುತ್ತದೆ. ಹಿಂದಿನ ಹಂತದಲ್ಲಿ ಆರೇ ಸೋಲು ಅರ್ಧಕ್ಕಿಂತ ಹೆಚ್ಚನ್ನು ನುಂಗಿತ್ತು.

500 ಬಾಜಿಗಳು ಮುಗಿದಾಗ ಗೆಲುವು 270, ಸೋಲು 230. ಗೆಲುವಿನ ಪ್ರಮಾಣ ಶೇ. 54. ನಿವ್ವಳ ಲಾಭ 13 ಪಣಗಳಷ್ಟು, ಅಂದರೆ 78 ಯೂನಿಟ್, ಬಂಡವಾಳ 686.

ಶೇ. 54 ಎಂಬುದು 52.63ಕ್ಕಿಂತ ಮೇಲಿದೆ. ಹಾಗಾದರೆ ಬಾಜಿದಾರನಿಗೆ ಮೇಲುಗೈ ಇದೆಯೇ? ಈ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದು. 500 ಬಾಜಿಗಳಲ್ಲಿ ಗೆಲುವಿನ ಪ್ರಮಾಣದ ಪ್ರಮಾಣಿತ ದೋಷ, ಅಂದರೆ ಆಕಸ್ಮಿಕದಿಂದಲೇ ಆಗಬಹುದಾದ ಏರಿಳಿತದ ಅಳತೆ, ಸುಮಾರು ಶೇ. 2.2; ಅದರ ಎರಡು ಪಟ್ಟನ್ನು ಎರಡೂ ಕಡೆಗೆ ಬಿಟ್ಟು ನೋಡುವುದು ವಾಡಿಕೆ. ಹಾಗಾಗಿ ಅವನ ನಿಜವಾದ ಪ್ರಮಾಣ 49.6ರಿಂದ 58.4ರ ನಡುವೆ ಎಲ್ಲಿದ್ದರೂ ಈ ದಾಖಲೆಗೆ ವಿರುದ್ಧವಾಗುವುದಿಲ್ಲ. ನಿಖರವಾಗಿ ಲಾಭನಷ್ಟವಿಲ್ಲದ ಮಟ್ಟದಲ್ಲೇ ಇರುವ ಒಬ್ಬ ಬಾಜಿದಾರ ಕೂಡ 500 ಬಾಜಿಗಳಲ್ಲಿ 270 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಇದೆ. ಶೇ. 54 ಮತ್ತು 52.63ರ ನಡುವಿನ ಅಂತರ ಎರಡು ಪ್ರಮಾಣಿತ ದೋಷಗಳಷ್ಟು ದೊಡ್ಡದಾಗಿ ಕಾಣಬೇಕಾದರೆ ಸುಮಾರು 5300 ಬಾಜಿಗಳ ದಾಖಲೆ ಬೇಕು. ಗೆಲುವು ಸೋಲುಗಳನ್ನು ಎಣಿಸಿಯೇ ತನ್ನ ಸಾಮರ್ಥ್ಯವನ್ನು ತಿಳಿಯಲು ಹೊರಟವನಿಗೆ ಇಷ್ಟು ದೀರ್ಘವಾದ ದಾರಿ ಕಾದಿದೆ.

ಮೂರನೆಯ ಹಂತ: ಕೆಲ್ಲಿ ಸೂತ್ರಕ್ಕೆ ಯಾವ ಅಂಕಿ ಕೊಡಬೇಕು

ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಸೂತ್ರ ಹುಟ್ಟಿತು. ಸಂವಹನ ಮಾರ್ಗದಲ್ಲಿ ಮಾಹಿತಿ ಹರಿಯುವ ಪ್ರಮಾಣದ ಬಗ್ಗೆ ಬರೆಯುತ್ತ, ಫಲಿತಾಂಶದ ಸುಳಿವು ಮುಂಚಿತವಾಗಿ ಸಿಗುವ ಜೂಜುಗಾರನೊಬ್ಬ ತನ್ನ ಬಂಡವಾಳ ದೀರ್ಘಾವಧಿಯಲ್ಲಿ ಅತಿ ವೇಗವಾಗಿ ಬೆಳೆಯಬೇಕಾದರೆ ಎಷ್ಟು ಪಾಲು ಪಣವಿಡಬೇಕು ಎಂಬುದನ್ನು ಅವರು ಲೆಕ್ಕಹಾಕಿದರು. ಮುಂದೆ ಗಣಿತಜ್ಞ ಎಡ್ವರ್ಡ್ ಥಾರ್ಪ್ ಅದನ್ನು ಬ್ಲ್ಯಾಕ್‌ಜಾಕ್ ಮೇಜಿಗೂ, ಆಮೇಲೆ ಷೇರು ಮಾರುಕಟ್ಟೆಗೂ ಒಯ್ದರು. ಎರಡೇ ಫಲಿತಾಂಶಗಳ ಬಾಜಿಗೆ ಸೂತ್ರ ಸರಳ: ಗೆಲುವಿನ ಸಂಭವವನ್ನು ದಶಮಾಂಶ ಆಡ್ಸ್‌ನಿಂದ ಗುಣಿಸಿ, ಒಂದನ್ನು ಕಳೆದು, ಬಂದದ್ದನ್ನು ಆಡ್ಸ್‌ಗಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಭಾಗಿಸಬೇಕು. ಸಿಗುವುದು ಬಂಡವಾಳದ ಎಷ್ಟು ಪಾಲನ್ನು ಹಾಕಬೇಕು ಎಂಬ ಉತ್ತರ.

ಮೊದಲ ಹಂತದ ಬಾಜಿಗಳಿಗೆ ಈ ಸೂತ್ರ ಏನು ಹೇಳುತ್ತಿತ್ತು ಎಂದು ನೋಡೋಣ. ಸಂಭವ 0.5, ಆಡ್ಸ್ 1.90, ಗುಣಿಸಿದರೆ 0.95, ಒಂದನ್ನು ಕಳೆದರೆ ಋಣ ಸಂಖ್ಯೆ. ಉತ್ತರ: ಪಣ ಕಟ್ಟಬೇಡ. ನನಗೆ ಈ ಸೂತ್ರದ ಮೇಲೆ ಗೌರವ ಮೂಡಿದ್ದು ಇದರಿಂದ. ಇತರ ಪದ್ಧತಿಗಳು ಎಷ್ಟು ಹಾಕಬೇಕು ಎಂದಷ್ಟೇ ಹೇಳುತ್ತವೆ. ಹಾಕಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಎತ್ತುವುದೇ ಇಲ್ಲ.

ಬಾಜಿದಾರ ತನ್ನ 500 ಬಾಜಿಗಳನ್ನು ವಿಧಕ್ಕೆ ತಕ್ಕಂತೆ ವಿಂಗಡಿಸಿದ. ಪ್ರಮುಖ ಲೀಗ್‌ಗಳ ಹ್ಯಾಂಡಿಕ್ಯಾಪ್ ಬಾಜಿ 300, ಅದರಲ್ಲಿ ಗೆಲುವು 156, ಅಂದರೆ ಶೇ. 52. ಕೆಳ ವಿಭಾಗದ ಲೀಗ್‌ಗಳ ಒಟ್ಟು ಗೋಲುಗಳ ಬಾಜಿ 200, ಗೆಲುವು 114, ಅಂದರೆ ಶೇ. 57. ಮೊದಲನೆಯದರಲ್ಲಿ ಸುಮಾರು 22 ಯೂನಿಟ್ ನಷ್ಟ, ಎರಡನೆಯದರಲ್ಲಿ ಸುಮಾರು 100 ಯೂನಿಟ್ ಲಾಭ. ಶೇ. 57ನ್ನು ಸೂತ್ರಕ್ಕೆ ಕೊಟ್ಟರೆ ಬರುವ ಪಣ ಬಂಡವಾಳದ ಶೇ. 9.2, ಅಂದರೆ 63 ಯೂನಿಟ್. ಆರು ಯೂನಿಟ್ ಹಾಕುತ್ತಿದ್ದವನು ಒಮ್ಮೆಲೇ ಹತ್ತು ಪಟ್ಟು ಮೇಲಕ್ಕೆ ಹಾರಬೇಕು, ಅದೂ ಗಣಿತದ ಹೆಸರಿನಲ್ಲಿ.

ಅಪಾಯ ಇರುವುದು ಈ ಹೆಜ್ಜೆಯಲ್ಲಿ. ಫಲಿತಾಂಶ ನೋಡಿದ ಮೇಲೆ ವಿಂಗಡಿಸಿ, ಚೆನ್ನಾಗಿ ಕಂಡ ಭಾಗವನ್ನು ಎತ್ತಿ ಹಿಡಿದರೆ ಆ ಭಾಗದ ಅಂಕಿ ಯಾವಾಗಲೂ ನಿಜಕ್ಕಿಂತ ಮೇಲಕ್ಕೇ ವಾಲಿರುತ್ತದೆ. 200 ಬಾಜಿಗಳಲ್ಲಿ ಪ್ರಮಾಣಿತ ದೋಷ ಶೇ. 3.5 ಎಂಬುದೂ ಜೊತೆಗಿದೆ. ಇನ್ನೂ ಗಟ್ಟಿಯಾದ ಅಳತೆಗೋಲು ಬೇಕಿತ್ತು, ಅದು ಅವನ ಪುಸ್ತಕದಲ್ಲೇ ಇತ್ತು: ಕ್ಲೋಸಿಂಗ್ ಆಡ್ಸ್.

ಪಂದ್ಯ ಹತ್ತಿರವಾದಂತೆ ಗಾಯಾಳುಗಳ ವಿವರ, ಆಡುವ ಹನ್ನೊಂದರ ಪಟ್ಟಿ, ಹವಾಮಾನ, ದೊಡ್ಡ ಬಾಜಿದಾರರ ಹಣ ಎಲ್ಲವೂ ಆಡ್ಸ್‌ನೊಳಗೆ ಸೇರಿಕೊಳ್ಳುತ್ತವೆ. ಆದ್ದರಿಂದ ಆರಂಭದ ಕ್ಷಣದ ಆಡ್ಸ್, ಸಾಮಾನ್ಯವಾಗಿ, ಅದಕ್ಕಿಂತ ಮುಂಚಿನ ಆಡ್ಸ್‌ಗಿಂತ ಸತ್ಯಕ್ಕೆ ಹತ್ತಿರವಾಗಿರುತ್ತದೆ. ತಾನು 1.90ಕ್ಕೆ ಪಡೆದದ್ದು ಕೊನೆಗೆ ಕೆಳಗಿಳಿದಿದೆಯೇ ಎಂಬುದನ್ನು ಪ್ರತಿ ಬಾಜಿಯಲ್ಲೂ ನೋಡಬಹುದು; ಗೆಲುವು ಸೋಲಿನ ಗದ್ದಲ ಅದರಲ್ಲಿ ಇಲ್ಲದಿರುವುದರಿಂದ ಕೆಲವು ನೂರು ಬಾಜಿಗಳಲ್ಲೇ ಚಿತ್ರ ಮೂಡುತ್ತದೆ. ಹ್ಯಾಂಡಿಕ್ಯಾಪ್ ಬಾಜಿಗಳಲ್ಲಿ ಕ್ಲೋಸಿಂಗ್ ಆಡ್ಸ್‌ನ ಸರಾಸರಿ 1.90ರಲ್ಲೇ ನಿಂತಿತ್ತು, ಅಂದರೆ ಮಾರುಕಟ್ಟೆಗೆ ಗೊತ್ತಿಲ್ಲದ್ದು ಅವನಿಗೂ ಗೊತ್ತಿರಲಿಲ್ಲ. ಗೋಲುಗಳ ಬಾಜಿಗಳಲ್ಲಿ ಅವನ ಬದಿ ಸರಾಸರಿ 1.78ಕ್ಕೆ ಇಳಿದು, ಎದುರು ಬದಿ 2.03ಕ್ಕೆ ಏರಿತ್ತು. ಇವೆರಡರ ವಿಲೋಮಗಳನ್ನು ಕೂಡಿ ಮಾರ್ಜಿನ್ ತೆಗೆದರೆ ಅವನ ಬದಿಯ ಸಂಭವ ಶೇ. 53.28, ಸುಮಾರಾಗಿ 53.3, ಎಂದು ಸಿಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಸಲ್ಲುತ್ತದೆ. ಕ್ಲೋಸಿಂಗ್ ಆಡ್ಸ್‌ಗಿಂತ ಹೆಚ್ಚಿನ ಆಡ್ಸ್ ಪಡೆದ ಮಾತ್ರಕ್ಕೆ ಲಾಭ ಖಚಿತವಾಗುವುದಿಲ್ಲ. ಅದೇ ಬದಿ 1.82ಕ್ಕೆ ಮಾತ್ರ ಇಳಿದು ಎದುರು ಬದಿ 1.98 ಆಗಿದ್ದರೆ, ಮಾರ್ಜಿನ್ ತೆಗೆದ ಸಂಭವ ಶೇ. 52.1, ಅದು ಬೇಕಾದ 52.63ಕ್ಕಿಂತ ಕಡಿಮೆ. ಆಡ್ಸ್ ತನ್ನ ಕಡೆಗೆ ಚಲಿಸಿದ್ದನ್ನು ಕಂಡು ಸಂತೋಷಪಡುವ ಬಾಜಿದಾರ ಆಗಲೂ ನಿಧಾನವಾಗಿ ನಷ್ಟದಲ್ಲೇ ಇರುತ್ತಾನೆ.

ಶೇ. 53.28ಕ್ಕೆ ಕೆಲ್ಲಿ ಸೂತ್ರ ಹೇಳುವ ಪಣ ಶೇ. 1.37. ಗೆಲುವಿನ ದಾಖಲೆ ಹೇಳಿದ್ದು ಶೇ. 9.2. ಏಳು ಪಟ್ಟಿನಷ್ಟು ಅಂತರ! ನಿಜವಾದ ಸಂಭವ 53.3 ಆಗಿದ್ದು, ಬಾಜಿದಾರ 57ನ್ನು ನಂಬಿ ಪ್ರತಿ ಬಾಜಿಗೂ ಬಂಡವಾಳದ ಶೇ. 9.2ರಷ್ಟನ್ನು ಹಾಕುತ್ತ ಹೋದರೆ 200 ಬಾಜಿಗಳ ನಂತರ ಅವನ ಬಂಡವಾಳದ ಮಧ್ಯಕ ಸ್ಥಿತಿ (ಅರ್ಧ ಸಲ ಇದಕ್ಕಿಂತ ಹೆಚ್ಚು, ಅರ್ಧ ಸಲ ಕಡಿಮೆ) ಆರಂಭದ ಶೇ. 58 ಮಾತ್ರ. ಪ್ರತಿ ಬಾಜಿಯೂ ಅವನಿಗೆ ಅನುಕೂಲವಾಗಿಯೇ ಇದೆ, ಆದರೂ ಹಣ ಕರಗುತ್ತದೆ. ಪಾಲಿನ ಲೆಕ್ಕದಲ್ಲಿ ಪಣ ಹಾಕುವಾಗ ಶೇ. 50 ಕಳೆದುಕೊಂಡವನು ಮೊದಲಿನ ಮಟ್ಟಕ್ಕೆ ಬರಲು ಶೇ. 100 ಗಳಿಸಬೇಕಾಗುತ್ತದೆ, ಪಣ ದೊಡ್ಡದಾದಷ್ಟೂ ಈ ಅಸಮತೋಲನ ಹಿಗ್ಗಿ, ಕೆಲ್ಲಿ ಪಣದ ಸುಮಾರು ಎರಡು ಪಟ್ಟಿನಲ್ಲಿ ಬೆಳವಣಿಗೆ ಸೊನ್ನೆಗೆ ಬರುತ್ತದೆ, ಅದರಾಚೆ ಋಣವಾಗುತ್ತದೆ.

ಒಳ್ಳೆಯ ಸಂಭವವನ್ನು ತಪ್ಪು ಗಾತ್ರದ ಪಣದಿಂದ ಕೆಡಿಸಿಕೊಳ್ಳುವುದು ಅಪರೂಪದ ಸಂಗತಿಯಲ್ಲ. ವಿಕ್ಟರ್ ಹಘಾನಿ ಮತ್ತು ರಿಚರ್ಡ್ ಡ್ಯೂಯಿ 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಣಕಾಸಿನ ವಿದ್ಯಾರ್ಥಿಗಳೂ ಆ ಕ್ಷೇತ್ರದ ಯುವ ಉದ್ಯೋಗಿಗಳೂ ಸೇರಿದ್ದ 61 ಜನರಿಗೆ ತಲಾ 25 ಡಾಲರ್ ಕೊಟ್ಟು, ಶೇ. 60ರಷ್ಟು ಸಲ ಒಂದೇ ಮುಖ ಬೀಳುವ ನಾಣ್ಯದ ಮೇಲೆ ಅರ್ಧ ಗಂಟೆ ಪಣ ಕಟ್ಟಲು ಬಿಡಲಾಯಿತು. ಯಾವ ಮುಖಕ್ಕೆ ಅನುಕೂಲವಿದೆ ಎಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ಹಾಗಿದ್ದೂ ಶೇ. 28 ಜನ ಕೈಯಲ್ಲಿದ್ದ ಹಣವನ್ನೆಲ್ಲ ಕಳೆದುಕೊಂಡರು, ಮೂರರಲ್ಲಿ ಎರಡು ಪಾಲು ಜನ ಒಮ್ಮೆಯಾದರೂ ಪ್ರತಿಕೂಲ ಮುಖದ ಮೇಲೆ ಪಣ ಇಟ್ಟರು. ಅಲ್ಲಿ ಸಂಭವ ಎಷ್ಟು ಎಂಬುದು ನಿಖರವಾಗಿ ಗೊತ್ತಿತ್ತು. ಕ್ರೀಡಾ ಬಾಜಿಯಲ್ಲಿ ಅದೂ ಊಹೆಯೇ.

ಹೀಗಾಗಿ ಬಾಜಿದಾರ ಪೂರ್ಣ ಕೆಲ್ಲಿಯನ್ನು ಬಿಟ್ಟು ಅರ್ಧ ಕೆಲ್ಲಿಯನ್ನು, ಅಂದರೆ ಸೂತ್ರ ಹೇಳಿದ ಪಣದ ಅರ್ಧವನ್ನು, ಆರಿಸಿದ. ಅಂದಾಜು ಸರಿಯಾಗಿದೆ ಎಂದಿಟ್ಟುಕೊಂಡರೂ, ಪೂರ್ಣ ಕೆಲ್ಲಿಯಲ್ಲಿ ಬಂಡವಾಳ ಎಂದಾದರೂ ಒಮ್ಮೆ ಅರ್ಧಕ್ಕೆ ಇಳಿಯುವ ಸಂಭವ ಸುಮಾರು ಎರಡರಲ್ಲಿ ಒಂದು. ಅರ್ಧ ಕೆಲ್ಲಿಯಲ್ಲಿ ಅದು ಎಂಟರಲ್ಲಿ ಒಂದು. ಬೆಳವಣಿಗೆಯ ವೇಗದಲ್ಲಿ ಬಿಟ್ಟುಕೊಡುವುದು ನಾಲ್ಕನೇ ಒಂದು ಭಾಗ ಮಾತ್ರ. ಇಷ್ಟು ಒಳ್ಳೆಯ ವಿನಿಮಯ ಬಂಡವಾಳ ನಿರ್ವಹಣೆಯಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ. ನನ್ನನ್ನು ಕೇಳಿದರೆ 200 ಬಾಜಿಗಳ ದಾಖಲೆಗೆ ಕಾಲು ಕೆಲ್ಲಿಯೇ ಹೆಚ್ಚು ಸೂಕ್ತವಾಗಿತ್ತು, ಏಕೆಂದರೆ ಕ್ಲೋಸಿಂಗ್ ಆಡ್ಸ್‌ನ ಸರಾಸರಿಯೂ ಒಂದು ಅಂದಾಜೇ, ಮತ್ತು ಕೆಳ ವಿಭಾಗದ ಲೀಗ್‌ಗಳಲ್ಲಿ ಹಣದ ಹರಿವು ಕಡಿಮೆ ಇರುವುದರಿಂದ ಅಲ್ಲಿನ ಕ್ಲೋಸಿಂಗ್ ಆಡ್ಸ್ ಪ್ರಮುಖ ಲೀಗ್‌ಗಳಷ್ಟು ನಂಬಲರ್ಹವಲ್ಲ.

686 ಯೂನಿಟ್‌ಗೆ ಅರ್ಧ ಕೆಲ್ಲಿ 4.7 ಬರುತ್ತದೆ, ಆತ ಕೆಳಕ್ಕೆ ಸರಿಹೊಂದಿಸಿ 4 ಮಾಡಿಕೊಂಡ. ಹ್ಯಾಂಡಿಕ್ಯಾಪ್ ಬಾಜಿಗಳಿಗೆ ಸೂತ್ರ ಕೊಟ್ಟ ಉತ್ತರ ಸೊನ್ನೆ, ಅವುಗಳನ್ನು ನಿಲ್ಲಿಸಿದ. ಒಂದೇ ದಿನ ಒಂದೇ ಸಮಯಕ್ಕೆ ಹಲವು ಪಂದ್ಯಗಳಿದ್ದರೆ ಎಲ್ಲ ಪಣಗಳೂ ಒಟ್ಟಿಗೆ ಹೊರಗಿರುತ್ತವೆ, ಒಂದರ ಫಲಿತಾಂಶ ತಿಳಿದು ಇನ್ನೊಂದನ್ನು ತಗ್ಗಿಸಲು ಅವಕಾಶವಿರುವುದಿಲ್ಲ. ಅಂಥ ದಿನಗಳಲ್ಲಿ ಒಟ್ಟು ಪಣ ಬಂಡವಾಳದ ಶೇ. 3ನ್ನು ಮೀರಬಾರದು ಎಂಬ ಮಿತಿಯನ್ನೂ ಹಾಕಿಕೊಂಡ. ಪಣವನ್ನು ಪ್ರತಿ ಬಾಜಿಗೂ ಬದಲಿಸದೆ ಐವತ್ತು ಬಾಜಿಗಳಿಗೊಮ್ಮೆ ಮಾತ್ರ ಹೊಸ ಬಂಡವಾಳದ ಮೇಲೆ ಲೆಕ್ಕಹಾಕುವುದೆಂದೂ ತೀರ್ಮಾನಿಸಿದ. ನಿನ್ನೆಯ ಗೆಲುವು ಇಂದಿನ ಪಣದೊಳಗೆ ನುಸುಳದಂತೆ ತಡೆಯಲು ಇದು ಒಳ್ಳೆಯ ಉಪಾಯ.

ಪ್ರಕರಣದ ಕೊನೆಯ ಸ್ಥಿತಿ

ಈ ನಿಯಮದಲ್ಲಿ 60 ಬಾಜಿಗಳು ನಡೆದವು. 32 ಗೆಲುವು, 28 ಸೋಲು, ಲಾಭ 3 ಯೂನಿಟ್‌ಗಿಂತ ತುಸು ಹೆಚ್ಚು, ಬಂಡವಾಳ 689. ಅಷ್ಟರಲ್ಲಿ ಬುಕ್‌ಮೇಕರ್ ಅವನ ಖಾತೆಗೆ ಗೋಲುಗಳ ಬಾಜಿಯಲ್ಲಿ 2 ಯೂನಿಟ್‌ನ ಗರಿಷ್ಠ ಮಿತಿ ಹೇರಿತು. ಕ್ಲೋಸಿಂಗ್ ಆಡ್ಸ್‌ಗಿಂತ ಹೆಚ್ಚಿನ ಆಡ್ಸ್ ಪದೇ ಪದೇ ಪಡೆಯುವ ಖಾತೆಗಳನ್ನು ಬುಕ್‌ಮೇಕರ್‌ಗಳು ಹೀಗೆ ಕಟ್ಟಿಹಾಕುವುದು ಈ ವ್ಯವಹಾರದಲ್ಲಿ ರೂಢಿ. ಪಣ ಪದ್ಧತಿಗಳ ಅನೇಕ ವಿವರಣೆಗಳು ಈ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದೊಡ್ಡ ಕೊರತೆ ಎಂದೇ ನಾನು ಭಾವಿಸುತ್ತೇನೆ.

2 ಯೂನಿಟ್‌ನ ಪಣಕ್ಕೆ ಶೇ. 1.2ರ ಮೇಲುಗೈ (ಶೇ. 53.28ರ ಸಂಭವವನ್ನು 1.90ರಿಂದ ಗುಣಿಸಿ ಒಂದನ್ನು ಕಳೆದರೆ ಉಳಿಯುವುದು) ಇದ್ದರೆ 100 ಬಾಜಿಗಳಿಂದ ನಿರೀಕ್ಷಿಸಬಹುದಾದ ಲಾಭ ಸುಮಾರು 2.5 ಯೂನಿಟ್. ಅದೇ 100 ಬಾಜಿಗಳಲ್ಲಿ ಆಕಸ್ಮಿಕದ ಏರಿಳಿತ ಎರಡೂ ಕಡೆಗೆ ಸುಮಾರು 19 ಯೂನಿಟ್. ಪಂದ್ಯಗಳ ಅಧ್ಯಯನಕ್ಕೆ ಹೋಗುವ ಗಂಟೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದ ಬಾಜಿದಾರ, ತನ್ನ ಬಂಡವಾಳಕ್ಕೆ ಇನ್ನು ಇಲ್ಲಿ ಎಷ್ಟು ಕೆಲಸವಿದೆ ಎಂದು ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿದ. ಅರ್ಧ ಕೆಲ್ಲಿಯ ಪಾಲಿನಂತೆ 2 ಯೂನಿಟ್‌ನ ಪಣಕ್ಕೆ ಆಧಾರವಾಗಿ ಬೇಕಾಗುವುದು ಸುಮಾರು 290 ಯೂನಿಟ್. ಅಷ್ಟನ್ನು ಖಾತೆಯಲ್ಲಿ ಬಿಟ್ಟು, ಉಳಿದ 399 ಯೂನಿಟ್‌ಗಳನ್ನು ಆತ ಬಾಜಿಯಿಂದ ಹೊರಕ್ಕೆ ತೆಗೆದ.